ಕಾಗೆಯ ಬುದ್ಧಿಯೂ ಕಾಗೆಯ ಅಪಕೀರ್ತಿಯೂ

ಒಂದು ಪ್ರಾಣಿಯ ವಿಷಯದಲ್ಲಿ ಜನರ ನಂಬಿಕೆ ಏನೆಂಬುದನ್ನು ತಿಳಿಯಬೇಕಾದರೆ ಅವರ ಗ್ರಂಥಗಳಿಗಿಂತ ಮೊದಲು ಅವರ ಆಡುಮಾತನ್ನು ಕೇಳಬೇಕು. ಕನ್ನಡದಲ್ಲಿ ಸುಳ್ಳನ್ನು ಹೇಳಿ ನಂಬಿಸುವವನು ‘ಕಾಗೆ ಹಾರಿಸುತ್ತಾನೆ’. ಹುರುಳಿಲ್ಲದ ಮಾತು ‘ಕಾಗಕ್ಕ ಗುಬ್ಬಕ್ಕನ ಕಥೆ’. ಸಂಬಂಧವಿಲ್ಲದ ಎರಡು ಸಂಗತಿಗಳು ಏಕಕಾಲದಲ್ಲಿ ಘಟಿಸಿದರೆ ‘ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು’. ಸಂಸ್ಕೃತದಲ್ಲಿಯೂ ಇದೇ ಸ್ಥಿತಿ. ಅಲ್ಲಿ ಆಕಸ್ಮಿಕಕ್ಕೆ ‘ಕಾಕತಾಲೀಯ ನ್ಯಾಯ’ವೆಂದೂ ನಿಷ್ಪ್ರಯೋಜಕವಾದ ವಿಚಾರಣೆಗೆ ‘ಕಾಕದಂತ ಪರೀಕ್ಷೆ’ಯೆಂದೂ ಹೆಸರು. ಒಂದೇ ಕಣ್ಣಾಲಿಯನ್ನು ಕಾಗೆ ಎರಡು ಕಡೆಗೂ ಹೊರಳಿಸುತ್ತದೆ ಎಂಬ ಕಲ್ಪನೆಯಿಂದ ‘ಕಾಕಾಕ್ಷಿಗೋಲಕ ನ್ಯಾಯ’ ಹುಟ್ಟಿತು. ಕಾಗೆಗೆ ಎರಡು ಕಣ್ಣುಗಳೂ ಎರಡು ಕಣ್ಣಾಲಿಗಳೂ ಇವೆ ಎಂಬುದನ್ನು ಅಂಗಳದಲ್ಲಿ ನಿಂತು ನೋಡಿದ ಯಾವ ಬಾಲಕನಾದರೂ ಹೇಳಬಲ್ಲನು. ಆದರೂ ನ್ಯಾಯ ಉಳಿದು ಬಂದಿದೆ.

ಈ ನಿಂದೆಯ ನಡುವೆ ಅಲ್ಲೊಂದು ಇಲ್ಲೊಂದು ಪ್ರಶಂಸೆಯೂ ಇಲ್ಲದಿಲ್ಲ. ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳನ್ನು ಹೇಳುವ ಪ್ರಸಿದ್ಧ ಸುಭಾಷಿತದಲ್ಲಿ ಕಾಗೆಯ ಸತತ ಪ್ರಯತ್ನಕ್ಕೆ ಮೊದಲ ಸ್ಥಾನವಿದೆ. 12ನೆಯ ಶತಮಾನದ ಬಸವಣ್ಣನವರು ತಮ್ಮ ಒಂದು ವಚನದಲ್ಲಿ, ಆಹಾರ ಕಂಡೊಡನೆ ತನ್ನ ಬಳಗವನ್ನು ಕೂಗಿ ಕರೆಯುವ ಕಾಗೆಯನ್ನು ಭಕ್ತರಿಗೆ ಮಾದರಿಯಾಗಿ ತೋರಿದ್ದಾರೆ. ಪಿತೃಪಕ್ಷದಲ್ಲಿ ಇಡೀ ದೇಶವೇ ಕಾಗೆಯನ್ನು ಕರೆದು ಕಾಯುತ್ತದೆ. ಆ ಪಕ್ಷ ಕಳೆದ ಮರುದಿನ ಅದೇ ಕಾಗೆ ಹಪ್ಪಳ ಒಣಗಿಸಿದ ಮಹಡಿಯಿಂದ ಕಲ್ಲೇಟು ತಿಂದು ಹಾರುತ್ತದೆ. ಹೀಗೆ ಒಂದೇ ಹಕ್ಕಿಯ ಹೆಸರಿನಲ್ಲಿ ಎರಡು ಖಾತೆಗಳು ನಡೆದು ಬಂದಿವೆ. ಎರಡನ್ನೂ ಎದುರು ಬದುರು ಇಟ್ಟು ತಾಳೆ ನೋಡಿದವರು ವಿರಳ.

ಈ ಪರಿಶೀಲನೆ ಈಗ ಅಗತ್ಯವೆನಿಸುವುದಕ್ಕೆ ಕಾರಣವುಂಟು. ಕಳೆದ ಮೂರು ದಶಕಗಳಲ್ಲಿ ಕಾಗೆಯ ಬುದ್ಧಿಶಕ್ತಿಯ ಕುರಿತು ವಿಜ್ಞಾನಿಗಳು ನಡೆಸಿದ ಪ್ರಯೋಗಗಳು ಪತ್ರಿಕೆಗಳ ಮೂಲಕ ಜನಸಾಮಾನ್ಯರವರೆಗೆ ಬಂದಿವೆ. ಹಿಂದೆ ‘ಕಪಟಿ’ ಎನಿಸಿಕೊಂಡ ಹಕ್ಕಿ ಈಗ ‘ಪ್ರತಿಭಾವಂತ’ ಎನಿಸಿಕೊಳ್ಳುತ್ತಿದೆ. ಮಕ್ಕಳ ಪುಸ್ತಕಗಳಲ್ಲಿ ಹಳೆಯ ಕಥೆಗಳ ಪಕ್ಕದಲ್ಲಿಯೇ ಈ ಹೊಸ ಸಂಗತಿಗಳು ಅಚ್ಚಾಗುತ್ತಿವೆ. ಅಪಕೀರ್ತಿಯ ಜಾಗಕ್ಕೆ ಕೀರ್ತಿ ಬಂದಿತೆಂದು ಸಂತೋಷಪಡುವುದು ಸಹಜ. ಆದರೆ ಹಳೆಯ ನಿಂದೆಯೂ ಹೊಸ ಸ್ತುತಿಯೂ ಒಂದೇ ತಪ್ಪಿನ ಮೇಲೆ ನಿಂತಿವೆಯೇ ಎಂಬುದು ವಿಚಾರಣೀಯ.

ಮೊದಲು ಬಣ್ಣದ ಮಾತು. ಕಾಗೆಯ ಅಪಕೀರ್ತಿಯಲ್ಲಿ ಅರ್ಧ ಪಾಲು ಅದರ ಕಪ್ಪಿನದು. ಕೋಗಿಲೆಯೂ ಕಪ್ಪೇ. ಆದರೆ ಅದಕ್ಕೆ ಕಂಠದ ಜಾಮೀನು ದೊರೆಯಿತು, ಕಾಗೆಗೆ ದೊರೆಯಲಿಲ್ಲ. ವಸ್ತುತಃ ಊರಿನಲ್ಲಿ ಮನುಷ್ಯನ ನೆರೆಯಲ್ಲಿ ಬಾಳುವ ಕಾಗೆ ಪೂರ್ತಿ ಕಪ್ಪಲ್ಲ. ಅದರ ಕತ್ತು ಮತ್ತು ಎದೆ ಬೂದುಬಣ್ಣದವು. ಪೂರ್ಣ ಕಪ್ಪಾಗಿ ಕಾಣುವುದು ದೊಡ್ಡ ಕೊಕ್ಕಿನ ಕಾಡುಕಾಗೆ. 1817ರಲ್ಲಿ ಫ್ರಾನ್ಸಿನ ಪಕ್ಷಿಶಾಸ್ತ್ರಜ್ಞ ವಿಯೆಯೋ ಊರುಕಾಗೆಗೆ ‘ಕಾರ್ವಸ್ ಸ್ಪ್ಲೆಂಡೆನ್ಸ್’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ‘ಸ್ಪ್ಲೆಂಡೆನ್ಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹೊಳೆಯುವುದು ಎಂದರ್ಥ. ನಿತ್ಯ ಕಾಣುವವರಿಗೆ ಮಸಿಯಾಗಿ ತೋರಿದ ರೆಕ್ಕೆಯಲ್ಲಿ ಪರದೇಶದವನೊಬ್ಬನು ಹೊಳಪನ್ನು ಕಂಡನು.

ಕಾಗೆ ಕಪ್ಪೆಂಬ ಈ ಮಾತನ್ನೇ ಜೈನ ತಾರ್ಕಿಕರು ಪರೀಕ್ಷೆಗೆ ಒಡ್ಡಿದ್ದಾರೆಂಬುದು ಗಮನಾರ್ಹ. ಅಕಲಂಕದೇವರು ತಮ್ಮ ತತ್ತ್ವಾರ್ಥವಾರ್ತಿಕದಲ್ಲಿ ಋಜುಸೂತ್ರನಯವನ್ನು ವಿವರಿಸುವಾಗ ಇದನ್ನೇ ಉದಾಹರಣೆಯಾಗಿ ಎತ್ತಿಕೊಂಡಿದ್ದಾರೆ. ವೀರಸೇನಾಚಾರ್ಯರ ಜಯಧವಳೆಯಲ್ಲಿಯೂ ಈ ಚರ್ಚೆ ಬರುತ್ತದೆ. ಅದರ ಸಾರಾಂಶವಿಷ್ಟು: ವರ್ತಮಾನ ಕ್ಷಣದ ಶುದ್ಧ ಪರ್ಯಾಯವನ್ನು ಮಾತ್ರ ಹಿಡಿಯುವ ಈ ನಯಕ್ಕೆ ‘ಕಾಗೆ ಕಪ್ಪು’ ಎಂಬ ವಾಕ್ಯ ಒಪ್ಪಿಗೆಯಾಗದು. ಕಪ್ಪು ತನ್ನ ಸ್ವರೂಪದಲ್ಲಿ ಕಪ್ಪೇ ಹೊರತು ಕಾಗೆಯಲ್ಲ. ಕಪ್ಪೆಂಬುದೇ ಕಾಗೆಯಾಗಿದ್ದರೆ ದುಂಬಿಯೂ ಕಾಗೆಯೆನಿಸಬೇಕಾಗುತ್ತಿತ್ತು. ಹಾಗೆಯೇ ಕಾಗೆ ತನ್ನ ಸ್ವರೂಪದಲ್ಲಿ ಕಾಗೆಯೇ ಹೊರತು ಕಪ್ಪಲ್ಲ. ಕಾಗೆಯ ಸ್ವರೂಪವೇ ಕಪ್ಪಾಗಿದ್ದರೆ ಬಿಳಿಯ ಕಾಗೆ ಎಲ್ಲಿಯೂ ಇರಬಾರದಿತ್ತು, ಅದರ ಪಿತ್ತ, ಮೂಳೆ, ರಕ್ತಗಳೂ ಕಪ್ಪಾಗಿರಬೇಕಿತ್ತು.

ಅಕಲಂಕರ ಉದ್ದೇಶ ಕಾಗೆಯ ಪರವಾಗಿ ವಾದಿಸುವುದಾಗಿರಲಿಲ್ಲ, ಒಂದು ನಯದ ಎಲ್ಲೆಯನ್ನು ತೋರಿಸುವುದಷ್ಟೇ ಆಗಿತ್ತು. ಇತರ ನಯಗಳಿಗೆ ಕಾಗೆಯನ್ನು ಕಪ್ಪೆನ್ನಲು ಅಡ್ಡಿಯಿಲ್ಲ. ಆದರೂ ಈ ತರ್ಕದಿಂದ ಒಂದು ನೈತಿಕ ಲಾಭ ತಾನಾಗಿ ದೊರೆಯುತ್ತದೆ. ಗುಣವಾಚಕವೊಂದು ವಸ್ತುವಿನ ಮೇಲೆ ಕುಳಿತ ಮಾತ್ರಕ್ಕೆ ಅದು ವಸ್ತುವನ್ನು ಪೂರ್ತಿ ನುಂಗಿಬಿಡುವುದಿಲ್ಲ. ಬಣ್ಣವೇ ಹೀಗಾದರೆ ‘ಕಪಟಿ’, ‘ಹೊಲಸು’, ‘ಅಪಶಕುನ’ ಎಂಬ ವಿಶೇಷಣಗಳ ಗತಿ ಏನು?

ಲೇಶ್ಯೆಗಳ ಪ್ರಕರಣದಲ್ಲಿಯೂ ಇದೇ ವಿವೇಕ ಕಾಣುತ್ತದೆ. ಕೃಷ್ಣಲೇಶ್ಯೆ ಅತ್ಯಂತ ಅಶುಭವೆಂದು ಕೇಳಿದವರು ಕರಿಯ ಮೈಯ ಪ್ರಾಣಿಯನ್ನು ಆ ಸಾಲಿಗೆ ಸೇರಿಸಿಬಿಡುವುದುಂಟು. ಚಾವುಂಡರಾಯನ ಕಾಲದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ದ್ರವ್ಯಲೇಶ್ಯೆ, ಭಾವಲೇಶ್ಯೆಗಳನ್ನು ಬೇರ್ಪಡಿಸಿದ್ದಾರೆ. ವರ್ಣನಾಮಕರ್ಮದ ಉದಯದಿಂದ ಆದ ಮೈಬಣ್ಣ ದ್ರವ್ಯಲೇಶ್ಯೆ. ಕಷಾಯದಿಂದ ರಂಜಿತವಾದ ಪ್ರವೃತ್ತಿ ಭಾವಲೇಶ್ಯೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಅಲ್ಲಿ ಆಧಾರವಿಲ್ಲ. ಮೈಬಣ್ಣದಿಂದ ಮನುಷ್ಯರ ಯೋಗ್ಯತೆಯನ್ನು ಅಳೆಯುವ ಚಾಳಿ, ಅದರಲ್ಲಿಯೂ ಹೆಣ್ಣು ನೋಡುವ ಸಂದರ್ಭದಲ್ಲಿ, ಇಂದಿಗೂ ಅಳಿದಿಲ್ಲ. ‘ಕಾಗೆಯಂತೆ ಕಪ್ಪು’ ಎಂಬ ಮಾತು ಹಕ್ಕಿಗೆ ತಗಲುವುದಿಲ್ಲ. ಅದು ತಗಲುವುದು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಹುಡುಗಿಗೆ.

ಎರಡನೆಯದು ಬುದ್ಧಿಯ ಮಾತು. ಈ ವಿಷಯದಲ್ಲಿ ಭಾರತೀಯ ಕಥಾಸಾಹಿತ್ಯ ಕಾಗೆಗೆ ಜಿಪುಣತನ ತೋರಿಲ್ಲ. ಪಂಚತಂತ್ರದಲ್ಲಿ ಹಾವಿನಿಂದ ಮರಿಗಳನ್ನು ಕಳೆದುಕೊಂಡ ಕಾಗೆ ದಂಪತಿಗಳು ಚಿನ್ನದ ಸರವನ್ನು ತಂದು ಹಾವಿನ ಬಿಲದಲ್ಲಿ ಹಾಕಿ, ಸರವನ್ನು ಹುಡುಕಿ ಬಂದವರ ಕೈಯಿಂದ ಹಾವನ್ನು ಕೊಲ್ಲಿಸುತ್ತವೆ. ಲಘುಪತನಕನೆಂಬ ಕಾಗೆ ಇಲಿ, ಆಮೆ, ಜಿಂಕೆಗಳೊಡನೆ ಮಾಡಿದ ಸ್ನೇಹ ಪ್ರಸಿದ್ಧವಾದುದು. ಇವೆಲ್ಲಕ್ಕಿಂತ ವಿಸ್ತಾರವಾದುದು ‘ಕಾಕೋಲೂಕೀಯ’, ಅಂದರೆ ಕಾಗೆ ಗೂಬೆಗಳ ಯುದ್ಧದ ಕಥೆ.

ಪಂಚತಂತ್ರಕ್ಕೂ ಜೈನರಿಗೂ ಇರುವ ನಂಟು ಹಳೆಯದು. ಅದರ ಪ್ರಸಿದ್ಧ ಪಾಠಗಳಲ್ಲಿ ಒಂದನ್ನು ಪೂರ್ಣಭದ್ರಸೂರಿ ಎಂಬ ಜೈನ ಮುನಿಗಳು 1199ರಲ್ಲಿ ಸಿದ್ಧಪಡಿಸಿದರು. 1925ರಲ್ಲಿ ಪ್ರಕಟವಾದ ಆರ್ಥರ್ ರೈಡರನ ಇಂಗ್ಲಿಷ್ ಅನುವಾದಕ್ಕೆ ಅದೇ ಆಧಾರ. ಕನ್ನಡದಲ್ಲಿ ಅದಕ್ಕೂ ಮೊದಲೇ, 11ನೆಯ ಶತಮಾನದಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹನು ವಸುಭಾಗನ ಸಂಪ್ರದಾಯವನ್ನು ಅನುಸರಿಸಿ ಚಂಪೂ ರೂಪದಲ್ಲಿ ಪಂಚತಂತ್ರವನ್ನು ರಚಿಸಿದ್ದನು. ಆದುದರಿಂದ ಈ ಕಥೆಗಳನ್ನು ಅನ್ಯರವೆಂದು ಬದಿಗಿಡುವಂತಿಲ್ಲ. ಅವುಗಳ ಗುಣದೋಷಗಳ ವಿಚಾರ ಮನೆಯ ವಿಚಾರವೇ ಆಗಿದೆ.

ಕಾಕೋಲೂಕೀಯದ ಕಥಾವಸ್ತುವನ್ನು ನೆನೆಯಬೇಕು. ಕಾಗೆಗಳ ಅರಸ ಮೇಘವರ್ಣನ ಬಳಗದ ಮೇಲೆ ಗೂಬೆಗಳ ಅರಸ ಅರಿಮರ್ದನನು ರಾತ್ರಿ ದಾಳಿ ಮಾಡಿ ಅನೇಕರನ್ನು ಕೊಲ್ಲುತ್ತಾನೆ. ವೃದ್ಧ ಮಂತ್ರಿ ಸ್ಥಿರಜೀವಿ ಒಂದು ಉಪಾಯ ಹೂಡುತ್ತಾನೆ. ತನ್ನ ಒಡೆಯನಿಂದಲೇ ಪೆಟ್ಟು ತಿಂದು ಹೊರಹಾಕಲ್ಪಟ್ಟವನಂತೆ ಮರದ ಬುಡದಲ್ಲಿ ಬಿದ್ದುಕೊಂಡು ಗೂಬೆಗಳ ಮರೆಹೊಗುತ್ತಾನೆ. ಗೂಬೆಗಳ ಮಂತ್ರಿಗಳಲ್ಲಿ ರಕ್ತಾಕ್ಷನೊಬ್ಬನು ಮಾತ್ರ ‘ಈತನನ್ನು ಕೂಡಲೇ ಕೊಲ್ಲಬೇಕು’ ಎನ್ನುತ್ತಾನೆ. ಉಳಿದವರು ಶರಣು ಬಂದವನನ್ನು ಕೊಲ್ಲುವುದು ಧರ್ಮವಲ್ಲವೆಂದು ವಾದಿಸುತ್ತಾರೆ. ಅತಿಥಿಗಾಗಿ ತನ್ನ ಮೈಯನ್ನೇ ಬೆಂಕಿಗೆ ಕೊಟ್ಟ ಪಾರಿವಾಳದ ಕಥೆಯೂ ಈ ಸಂದರ್ಭದಲ್ಲಿಯೇ ಬರುತ್ತದೆ. ಅರಿಮರ್ದನನು ಸ್ಥಿರಜೀವಿಗೆ ಆಶ್ರಯ ಕೊಡುತ್ತಾನೆ. ಸ್ಥಿರಜೀವಿ ಗೂಡು ಕಟ್ಟುವ ನೆಪದಲ್ಲಿ ಗವಿಯ ಬಾಯಲ್ಲಿ ಕಡ್ಡಿಗಳನ್ನು ರಾಶಿ ಹಾಕುತ್ತಾನೆ. ಒಂದು ಹಗಲು, ಗೂಬೆಗಳಿಗೆ ಕಣ್ಣು ಕಾಣದ ಹೊತ್ತಿನಲ್ಲಿ, ಕಾಗೆಗಳು ಕೊಳ್ಳಿ ತಂದು ಹಾಕುತ್ತವೆ. ಆಶ್ರಯ ಕೊಟ್ಟವರೆಲ್ಲ ಗವಿಯೊಳಗೆ ಬೆಂದು ಹೋಗುತ್ತಾರೆ.

ಈ ಕಥೆಯ ರಚನಾಕೌಶಲ ನಿರ್ವಿವಾದ. ಪ್ರಕೃತಿಯ ವೀಕ್ಷಣೆಯೂ ಇದರಲ್ಲಿದೆ. ಹಗಲಿನಲ್ಲಿ ಗೂಬೆ ಕಂಡರೆ ಕಾಗೆಗಳು ಗುಂಪುಗೂಡಿ ಅಟ್ಟುವುದು, ರಾತ್ರಿಯಲ್ಲಿ ದೊಡ್ಡ ಗೂಬೆಗಳು ಮಲಗಿದ ಕಾಗೆಗಳನ್ನು ಹಿಡಿಯುವುದು ಇಂದಿಗೂ ಕಾಣುವ ಸಂಗತಿಗಳು. ಆದರೆ ಕಥೆಯ ನೀತಿಯನ್ನು ತೂಗಿ ನೋಡಿದಾಗ ಕಷ್ಟ ಎದುರಾಗುತ್ತದೆ. ಗೂಬೆಗಳು ನಾಶವಾದುದು ಅವುಗಳ ಕ್ರೌರ್ಯದಿಂದಲ್ಲ. ಕ್ರೂರವಾಗಿದ್ದಷ್ಟು ದಿನ ಅವು ಗೆದ್ದಿದ್ದವು. ಅವು ನಾಶವಾದುದು ದಯೆ ತೋರಿದ ದಿನದಿಂದ. ‘ಶರಣಾಗತನನ್ನು ಕೊಲ್ಲು’ ಎಂದ ರಕ್ತಾಕ್ಷನೇ ಕಥೆಯಲ್ಲಿ ಜಾಣ, ‘ಕಾಪಾಡು’ ಎಂದವರೆಲ್ಲ ಮೂರ್ಖರು. ಪಾರಿವಾಳದ ತ್ಯಾಗದ ಕಥೆಯನ್ನು ಹೇಳಿಸಿ, ಅದನ್ನು ಕೇಳಿ ಒಪ್ಪಿದವರನ್ನು ಸುಡುವುದು ಆ ತ್ಯಾಗಕ್ಕೆ ಮಾಡಿದ ಅಣಕವೇ ಸರಿ. ವಿಶ್ವಾಸಘಾತವನ್ನು ಗೆಲುವಿನ ಉಪಾಯವೆಂದು ಹೇಳುವ ಕಥೆಗೆ ರಾಜಕುಮಾರರ ಶಿಕ್ಷಣದಲ್ಲಿ ಸ್ಥಾನವಿರಬಹುದು. ಶತ್ರುವಿನ ತಂತ್ರವನ್ನು ತಿಳಿದಿರಬೇಕಾದುದು ಅರಸನ ಕರ್ತವ್ಯ. ಎಂಟು ವರ್ಷದ ಮಗುವಿಗೆ ‘ಬುದ್ಧಿವಂತ ಕಾಗೆ’ ಎಂಬ ತಲೆಬರಹದಲ್ಲಿ ಅದನ್ನು ಸಂಕ್ಷೇಪಿಸಿ ಕೊಟ್ಟಾಗ ರಾಜನೀತಿ ಮರೆಯಾಗಿ ಮೋಸದ ಜಾಣತನವೊಂದೇ ಉಳಿಯುತ್ತದೆ.

ಪಶ್ಚಿಮದ ಈಸೋಪನ ಹೆಸರಿನ ಕಥೆಗಳಲ್ಲಿ ಇನ್ನೊಂದು ವಿಚಿತ್ರವಿದೆ. ಹೂಜಿಯೊಳಗೆ ಕಲ್ಲು ಹಾಕಿ ನೀರನ್ನು ಮೇಲೆ ತಂದ ಕಾಗೆ ಅಲ್ಲಿ ಮಹಾಜಾಣ. ನರಿಯ ಹೊಗಳಿಕೆಗೆ ಬಾಯಿ ತೆರೆದು ತಿಂಡಿಯನ್ನು ಬೀಳಿಸಿಕೊಂಡ ಕಾಗೆ ಅದೇ ಸಂಗ್ರಹದಲ್ಲಿ ಮಹಾಮೂಢ. ಪಾಠಕ್ಕೆ ಬೇಕಾದಂತೆ ಹಕ್ಕಿ ಬದಲಾಗುತ್ತದೆ. ಕಥೆಗಳ ಕಾಗೆ ಕಾಗೆಯಲ್ಲ, ಉಪದೇಶದ ಅಂಗಿಯನ್ನು ತೂಗುಹಾಕುವ ಗೂಟ. ಹಾಗಿರುವಾಗ ಅಂಗಿಯ ಕೊಳೆಯನ್ನು ಗೂಟದ ಮೇಲೆ ಹೊರಿಸುವುದು ನ್ಯಾಯವಲ್ಲ.

ನಿಜವಾದ ಕಾಗೆಯ ಕುರಿತು ತಿಳಿದುಬಂದಿರುವುದೇನು? ಹೂಜಿಯ ಕಥೆಯೇ ಪರೀಕ್ಷೆಗೆ ಒಳಪಟ್ಟಿತು. 2009ರಲ್ಲಿ ಕ್ರಿಸ್ಟಫರ್ ಬರ್ಡ್ ಮತ್ತು ನೇಥನ್ ಎಮರಿ ಎಂಬ ಸಂಶೋಧಕರು ಇಂಗ್ಲೆಂಡಿನಲ್ಲಿ ‘ರೂಕ್’ ಎಂಬ ಕಾಗೆಯ ಬಳಗದ ನಾಲ್ಕು ಹಕ್ಕಿಗಳ ಮುಂದೆ ನೀರಿದ್ದ ಕೊಳವೆಯನ್ನಿಟ್ಟರು. ನೀರಿನ ಮೇಲೆ ಹುಳುವೊಂದು ತೇಲುತ್ತಿತ್ತು. ಹಕ್ಕಿಗಳು ಕಲ್ಲುಗಳನ್ನು ಹಾಕಿ ನೀರನ್ನು ಏರಿಸಿ ಹುಳುವನ್ನು ಪಡೆದವು, ದೊಡ್ಡ ಕಲ್ಲುಗಳಿಂದ ಕೆಲಸ ಬೇಗ ಆಗುವುದನ್ನೂ ಕಂಡುಕೊಂಡವು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಗೆಗಳು ಕಡ್ಡಿಗಳಿಂದಲೂ ಎಲೆಗಳಿಂದಲೂ ಕೊಕ್ಕೆಯಂಥ ಸಾಧನಗಳನ್ನು ಮಾಡಿಕೊಂಡು ಮರದ ಬಿರುಕಿನಿಂದ ಹುಳುಗಳನ್ನು ಎಳೆಯುತ್ತವೆಂದು ಗೇವಿನ್ ಹಂಟ್ 1996ರಲ್ಲಿ ವರದಿ ಮಾಡಿದರು. ಅದೇ ಜಾತಿಯ ಬೆಟ್ಟಿ ಎಂಬ ಹೆಣ್ಣು ಕಾಗೆ ಆಕ್ಸ್‌ಫರ್ಡಿನ ಪ್ರಯೋಗಶಾಲೆಯಲ್ಲಿ ನೆಟ್ಟನೆಯ ತಂತಿಯನ್ನು ಬಗ್ಗಿಸಿ ಕೊಕ್ಕೆ ಮಾಡಿ, ಆಹಾರದ ಪುಟ್ಟ ಬಕೆಟನ್ನು ಮೇಲೆತ್ತಿದ ಸಂಗತಿ 2002ರಲ್ಲಿ ಪ್ರಕಟವಾಯಿತು. ಕಾಡಿನಲ್ಲಿರುವ ಅದೇ ಕಾಗೆಗಳು ಕಡ್ಡಿಗಳನ್ನು ಬಗ್ಗಿಸುವುದು ರೂಢಿಯೇ ಎಂದು 2016ರಲ್ಲಿ ತಿಳಿದು, ಬೆಟ್ಟಿಯ ಕೃತ್ಯ ಆ ಕ್ಷಣದ ಹೊಸ ಆವಿಷ್ಕಾರವೆಂಬ ಮೊದಲ ಉದ್ಗಾರ ತಗ್ಗಿತು. ತನ್ನ ಹೊಗಳಿಕೆಯನ್ನು ತಾನೇ ತಿದ್ದಿಕೊಳ್ಳುವ ಈ ಗುಣ ಕಥೆಗಾರರಿಗೂ ಇರಬೇಕಾದುದು.

ಕಾಗೆಯ ಜ್ಞಾಪಕಶಕ್ತಿಯ ಕುರಿತಾದ ಪ್ರಯೋಗ ಇನ್ನೂ ಮನನೀಯವಾದುದು. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಮಾರ್ಜ್ಲಫ್ ಮತ್ತು ಸಂಗಡಿಗರು 2006ರಲ್ಲಿ ಒಂದು ಮುಖವಾಡ ತೊಟ್ಟು ಏಳು ಕಾಗೆಗಳನ್ನು ಹಿಡಿದು, ಗುರುತಿನ ಬಳೆ ತೊಡಿಸಿ ಬಿಟ್ಟರು. ಅಂದಿನಿಂದ ಆ ಮುಖವಾಡ ತೊಟ್ಟವರು ಯಾರೇ ಆಗಿರಲಿ, ಆವರಣದಲ್ಲಿ ನಡೆದರೆ ಕಾಗೆಗಳು ಅರಚಿ ಬೆನ್ನಟ್ಟತೊಡಗಿದವು. ವರ್ಷಗಳು ಕಳೆದರೂ ಇದು ನಿಲ್ಲಲಿಲ್ಲ. ಹಾಗೆ ಅರಚಿದ ಕಾಗೆಗಳ ಸಂಖ್ಯೆ ಏಳನ್ನು ಬಹುವಾಗಿ ಮೀರಿತು. ಅಂದು ಸೆರೆ ಸಿಕ್ಕದಿದ್ದವೂ ಅಂದು ಹುಟ್ಟಿರದ ಮರಿಗಳೂ ಇತರರಿಂದ ಕಲಿತಿದ್ದವು. ಎಸೆದ ಕಲ್ಲನ್ನು ಮನುಷ್ಯ ಸಂಜೆಯೊಳಗೆ ಮರೆಯಬಹುದು. ಕಾಗೆಯ ಲೆಕ್ಕದಲ್ಲಿ ಅದು ಉಳಿಯುತ್ತದೆ ಎಂಬುದಕ್ಕೆ ಈಗ ಪ್ರಮಾಣ ದೊರೆತಿದೆ.

ಕಾಗೆಯ ಬಳಗಕ್ಕೆ ಸೇರಿದ ‘ಸ್ಕ್ರಬ್ ಜೇ’ ಎಂಬ ಹಕ್ಕಿಯ ಮೇಲೆ ನಿಕೋಲಾ ಕ್ಲೇಟನ್ ಮತ್ತು ಎಮರಿ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕು. ಈ ಹಕ್ಕಿ ಆಹಾರವನ್ನು ಬಚ್ಚಿಡುತ್ತದೆ. ಬಚ್ಚಿಡುವಾಗ ಇನ್ನೊಂದು ಹಕ್ಕಿ ನೋಡಿದ್ದರೆ, ಆಮೇಲೆ ಏಕಾಂತದಲ್ಲಿ ಬಂದು ಜಾಗ ಬದಲಾಯಿಸುತ್ತದೆ. ಆದರೆ ಎಲ್ಲ ಹಕ್ಕಿಗಳೂ ಹಾಗೆ ಮಾಡಲಿಲ್ಲ. ಹಿಂದೆ ಪರರ ಆಹಾರವನ್ನು ಕದ್ದ ಅನುಭವವಿದ್ದವು ಮಾತ್ರ ಮಾಡಿದವು. ತಾನು ತೂಕದಲ್ಲಿ ಕಡಿಮೆ ಕೊಡುವ ಅಂಗಡಿಯವನು ಪರರ ತಕ್ಕಡಿಯನ್ನು ಬಗ್ಗಿ ಬಗ್ಗಿ ನೋಡುವುದು ಪೇಟೆಯಲ್ಲಿ ಎಲ್ಲರೂ ಬಲ್ಲ ಸಂಗತಿ.

ಈ ಸಂಶೋಧನೆಗಳು ಪಾಶ್ಚಾತ್ಯ ಜಗತ್ತಿನಲ್ಲಿ ಬೆರಗನ್ನುಂಟುಮಾಡಿದವು. ಹಕ್ಕಿ ಕೇವಲ ಯಂತ್ರದಂತೆ ವರ್ತಿಸುತ್ತದೆ ಎಂಬ ಭಾವನೆ ಅಲ್ಲಿ ಬಹುಕಾಲ ಬೇರೂರಿತ್ತು. ಜೈನಶಾಸ್ತ್ರದ ಓದುಗರಿಗೆ ಇಷ್ಟು ಬೆರಗಾಗಬೇಕಾದ ಕಾರಣವಿಲ್ಲ. ಗರ್ಭಜನ್ಮದ ಭೇದಗಳಲ್ಲೊಂದಾದ ಅಂಡಜಕ್ಕೆ ಸೇರಿದ ಹಕ್ಕಿಗಳನ್ನು ಶಾಸ್ತ್ರ ಸಂಜ್ಞಿ ಪಂಚೇಂದ್ರಿಯ, ಅಂದರೆ ಮನಸ್ಸುಳ್ಳ ಜೀವಿಗಳೆಂದು ಎಣಿಸಿದೆ. ಅವುಗಳಿಗೆ ಮತಿಜ್ಞಾನ, ಶ್ರುತಜ್ಞಾನಗಳನ್ನು ಹೇಳಿದೆ. ಜೈನರಾಮಾಯಣದ ಜಟಾಯು ಮುನಿಗಳಿಂದ ಶ್ರಾವಕವ್ರತಗಳನ್ನು ಪಡೆದ ಪಕ್ಷಿ. ಆದರೂ ಇಷ್ಟೆಲ್ಲ ಓದಿದ ಮನೆಗಳಲ್ಲಿಯೇ ಕಾಗೆಯನ್ನು ‘ಬುದ್ಧಿಯಿಲ್ಲದ ಪ್ರಾಣಿ’ ಎನ್ನುವುದು ಕೇಳಿಬರುತ್ತದೆ. ಶಾಸ್ತ್ರ ಕಪಾಟಿನಲ್ಲಿದೆ, ಗಾದೆ ನಾಲಗೆಯ ಮೇಲಿದೆ.

ಇನ್ನು ಮುಖ್ಯ ಪ್ರಶ್ನೆ. ಕಾಗೆ ಬುದ್ಧಿವಂತ ಪಕ್ಷಿಯೆಂದು ಸಿದ್ಧವಾಯಿತು. ಹಾಗೆಂದು ಅದು ಸಜ್ಜನವಾಯಿತೆ? ಹಳೆಯವರು ಬುದ್ಧಿಯನ್ನು ಕಂಡು ‘ಕಪಟ’ವೆಂದರು. ಹೊಸಬರು ಅದೇ ಬುದ್ಧಿಯನ್ನು ಕಂಡು ಆದರಕ್ಕೆ ಪಾತ್ರವೆನ್ನುತ್ತಾರೆ. ಇಬ್ಬರೂ ಅರಿವಿನ ಖಾತೆಯನ್ನೂ ನಡತೆಯ ಖಾತೆಯನ್ನೂ ಒಂದರಲ್ಲಿ ಬರೆದಿದ್ದಾರೆ. ಅರಿವು ಜ್ಞಾನಾವರಣೀಯ ಕರ್ಮದ ಕ್ಷಯೋಪಶಮಕ್ಕೆ ಸೇರಿದುದು. ಕಪಟ ಅಥವಾ ಮಾಯೆ ಮೋಹನೀಯಕ್ಕೆ ಸೇರಿದ ಕಷಾಯ. ಮೊದಲನೆಯದು ಹೆಚ್ಚಾದ ಮಾತ್ರಕ್ಕೆ ಎರಡನೆಯದು ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ. ಮನುಷ್ಯರಲ್ಲಿಯೂ ಇದು ನಿತ್ಯ ಕಾಣುವುದೇ. ಲೆಕ್ಕಪತ್ರದಲ್ಲಿ ನಿಷ್ಣಾತನಾದವನು ಪ್ರಾಮಾಣಿಕನಾಗಿಯೂ ಇರಬಹುದು, ಎರಡು ಪುಸ್ತಕಗಳನ್ನು ಇಟ್ಟವನಾಗಿಯೂ ಇರಬಹುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಮಾಯೆಯನ್ನು ತಿರ್ಯಂಚಾಯುವಿನ ಆಸ್ರವಕ್ಕೆ ಕಾರಣವೆನ್ನುತ್ತದೆ. ಇದನ್ನು ಕೇಳಿ ‘ನೋಡಿ, ಅದಕ್ಕೇ ಕಾಗೆ ಕಪಟಿ’ ಎನ್ನುವವರು ಸ್ವಲ್ಪ ನಿಲ್ಲಬೇಕು. ಆ ಕಾರಣ ಜಿಂಕೆಗೂ ಹಸುವಿಗೂ ಸಮಾನ. ಅಷ್ಟೇ ಅಲ್ಲ, ಜೀವವೊಂದನ್ನು ಕಾಗೆಯ ಜನ್ಮಕ್ಕೆ ತಂದ ಕಪಟ ನಡೆದದ್ದು ಹಿಂದಿನ ಭವದಲ್ಲಿ, ಬಹುಶಃ ಮನುಷ್ಯಭವದಲ್ಲಿಯೇ.

ಕಾಗೆಯ ಕಪಟವೆಂಬ ಮಾತಿಗೆ ಎದುರಾಗಿ ಕೋಗಿಲೆಯ ಸಂಗತಿಯನ್ನು ಇಡಬಹುದು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಕಾಗೆ ಅದನ್ನು ತನ್ನದೆಂದು ಸಾಕುತ್ತದೆ. ಸಂಸ್ಕೃತ ಕವಿಗಳಿಗೆ ಇದು ಗೊತ್ತಿತ್ತು. ಕೋಗಿಲೆಗೆ ‘ಪರಭೃತ’, ‘ಪರಪುಷ್ಟ’ ಎಂಬ ಹೆಸರುಗಳು ಅದರಿಂದಲೇ ಬಂದವು. ಹೀಗಿದ್ದೂ ವಸಂತವರ್ಣನೆಯಲ್ಲಿ ಮೋಸ ಮಾಡಿದ ಹಕ್ಕಿಗೆ ಸ್ತುತಿ, ಮೋಸಹೋಗಿ ಸಾಕಿದ ಹಕ್ಕಿಗೆ ಪರಿಹಾಸ. ಹಾಗೆಂದು ಕಾಗೆಯನ್ನು ಪರೋಪಕಾರಿಯೆಂದು ಕೊಂಡಾಡುವುದೂ ಅತಿರೇಕ. ಅದು ಅರಿತು ಮಾಡಿದ ದಾನವಲ್ಲ. ಕಾಗೆಯೂ ಇತರ ಹಕ್ಕಿಗಳ ಮೊಟ್ಟೆಮರಿಗಳನ್ನು ತಿನ್ನುವ ಪ್ರಾಣಿಯೇ. ಈ ಮಾತನ್ನು ಮುಚ್ಚಿಡಬೇಕಾಗಿಲ್ಲ.

ಬುದ್ಧಿವಂತವಾದುದರಿಂದ ಕಾಗೆಯನ್ನು ಕಾಪಾಡಬೇಕು ಎಂಬ ವಾದ ಇಂದು ಆಕರ್ಷಕವಾಗಿ ಕಾಣುತ್ತದೆ. ಆದರೆ ಈ ವಾದದ ಬೆನ್ನಿಗೆ ಇನ್ನೊಂದು ಬರುತ್ತದೆ: ಬುದ್ಧಿ ಕಡಿಮೆಯಿರುವುದನ್ನು ಕಾಪಾಡಬೇಕಾಗಿಲ್ಲ. ಹೂಜಿಯ ಪ್ರಯೋಗದಲ್ಲಿ ತೇಲುತ್ತಿದ್ದ ಹುಳುವಿನ ಸುದ್ದಿಯನ್ನು ಯಾವ ಪತ್ರಿಕೆಯೂ ಎತ್ತಲಿಲ್ಲ. ಶಾಸ್ತ್ರ ಇಲ್ಲಿಯೂ ಎಚ್ಚರದಿಂದ ನಡೆದಿದೆ. ಜೀವಗಳಲ್ಲಿ ತಾರತಮ್ಯವಿಲ್ಲವೆಂದು ಅದು ಹೇಳುವುದಿಲ್ಲ. ಮನಸ್ಸಿಲ್ಲದ ಪಂಚೇಂದ್ರಿಯಕ್ಕೆ ಒಂಬತ್ತು ಪ್ರಾಣಗಳಾದರೆ ಮನಸ್ಸುಳ್ಳದ್ದಕ್ಕೆ ಮನೋಬಲ ಸೇರಿ ಹತ್ತು. ಆದುದರಿಂದ ಕಾಗೆಯ ಬುದ್ಧಿಯನ್ನು ಅರಿತವನಿಗೆ ಅದನ್ನು ನೋಯಿಸದಿರುವ ಹೊಣೆ ಹೆಚ್ಚುತ್ತದೆ. ಆದರೆ ಹೊಣೆ ಹುಟ್ಟಿದ್ದು ಬುದ್ಧಿಯಿಂದಲ್ಲ, ಜೀವದಿಂದ.

ಈ ದೃಷ್ಟಿಯಿಂದ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಖದಿರಸಾರನ ಕಥೆಯನ್ನು ಮತ್ತೆ ಓದಬೇಕು. ವಿಂಧ್ಯಾಟವಿಯ ಬೇಡ ಖದಿರಸಾರನಿಗೆ ಸಮಾಧಿಗುಪ್ತ ಮುನಿಗಳು ಮಾಂಸತ್ಯಾಗವನ್ನು ಉಪದೇಶಿಸುತ್ತಾರೆ. ಅದು ತನ್ನಿಂದಾಗದೆಂದು ಅವನು ಹೇಳುತ್ತಾನೆ. ‘ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ?’ ಎಂದು ಮುನಿಗಳು ಕೇಳುತ್ತಾರೆ. ಇಲ್ಲವೆಂದಾಗ ಅದನ್ನಾದರೂ ಬಿಡು ಎಂದು ವ್ರತ ಕೊಡುತ್ತಾರೆ. ಮುಂದೆ ಅವನು ರೋಗಕ್ಕೆ ಬಿದ್ದಾಗ ವೈದ್ಯರು ಸೂಚಿಸುವ ಔಷಧ ಕಾಗೆಯ ಮಾಂಸವೇ. ಮೈದುನ ಶೂರವೀರನು ಅವನ ಬಳಿಗೆ ಬರುವ ದಾರಿಯಲ್ಲಿ ಯಕ್ಷಿಯೊಬ್ಬಳು ಅಳುತ್ತಿರುವುದನ್ನು ಕಾಣುತ್ತಾನೆ. ವ್ರತ ಉಳಿದರೆ ಖದಿರಸಾರನು ತನಗೆ ಪತಿಯಾಗುವನೆಂದೂ ಶೂರವೀರನು ವ್ರತವನ್ನು ಮುರಿಸಲು ಹೊರಟಿರುವನೆಂದೂ ಅವಳ ದುಃಖ. ಇದನ್ನು ಕೇಳಿದ ಖದಿರಸಾರನು ಕಾಗೆಯ ಮಾಂಸವನ್ನಷ್ಟೇ ಅಲ್ಲ, ಎಲ್ಲ ಮಾಂಸವನ್ನೂ ತೊರೆದು ಶ್ರಾವಕವ್ರತಗಳನ್ನು ತಾಳಿ ಸೌಧರ್ಮಸ್ವರ್ಗದಲ್ಲಿ ಹುಟ್ಟುತ್ತಾನೆ. ಮುಂದಿನ ಭವದಲ್ಲಿ ಅವನೇ ಮಗಧದ ಶ್ರೇಣಿಕ ಮಹಾರಾಜ.

ಮೇಲುನೋಟಕ್ಕೆ ಈ ಕಥೆ ಕಾಗೆಯನ್ನು ಕಡೆಗಣಿಸಿದಂತೆ ತೋರುತ್ತದೆ. ಬೇಡನೂ ತಿನ್ನದಷ್ಟು ಅಲ್ಪವಾದ ಪ್ರಾಣಿ ಎಂಬ ಕಾರಣಕ್ಕೇ ಅದು ವ್ರತಕ್ಕೆ ಆಯ್ಕೆಯಾಗಿದೆ. ಕಥೆಯಲ್ಲಿ ಒಂದು ಕಾಗೆಯೂ ಹಾರುವುದಿಲ್ಲ, ಮಾತನಾಡುವುದಿಲ್ಲ, ಉಪಾಯ ಹೂಡುವುದಿಲ್ಲ. ಪಂಚತಂತ್ರ ಕಾಗೆಗೆ ಮಂತ್ರಿಪದವಿ ಕೊಟ್ಟಿತು, ಉತ್ತರಪುರಾಣ ಹೆಸರನ್ನೂ ಕೊಡಲಿಲ್ಲ. ಆದರೆ ಎರಡು ಕಥೆಗಳ ಕೊನೆಯನ್ನು ನೋಡಿದರೆ ತೂಕ ತಿರುಗುತ್ತದೆ. ಕಾಗೆಯ ಬುದ್ಧಿಯನ್ನು ಮೆರೆಸಿದ ಕಥೆ ಗವಿಯ ತುಂಬ ಹೆಣಗಳೊಡನೆ ಮುಗಿಯುತ್ತದೆ. ಕಾಗೆಯ ಯಾವ ಗುಣವನ್ನೂ ಹೇಳದ ಕಥೆಯಲ್ಲಿ ಮನುಷ್ಯನೊಬ್ಬನು ತನ್ನ ಪ್ರಾಣಕ್ಕಿಂತ ಅದರ ಪ್ರಾಣವನ್ನು ಹೆಚ್ಚೆಂದು ಎಣಿಸುತ್ತಾನೆ. ಅವನು ಕಾಪಾಡಿದ ಕಾಗೆ ಜಾಣವೋ ಮೂಢವೋ ಎಂಬುದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅಹಿಂಸೆಯ ಕಥೆಗೆ ಇದಕ್ಕಿಂತ ಶುದ್ಧವಾದ ವಸ್ತು ದೊರೆಯುವುದು ದುರ್ಲಭ. ಜಟಾಯುವಿನ ಕಥೆ ಕೂಡ ಅಷ್ಟು ಶುದ್ಧವಲ್ಲ, ಏಕೆಂದರೆ ಜಟಾಯು ಆದರಕ್ಕೆ ಅರ್ಹನೆಂದು ಮೊದಲೇ ತೋರಿಸಿಕೊಟ್ಟಿದ್ದನು.

ಇದು ಗ್ರಂಥದ ಓದಿಗಷ್ಟೇ ಸಂಬಂಧಿಸಿದ ಮಾತಲ್ಲ. ಅಪಕೀರ್ತಿಗೆ ಕಾನೂನಿನ ಬಲವೂ ದೊರೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಸಾಮಾನ್ಯ ಕಾಗೆಯನ್ನು ಇಲಿ, ಹೆಗ್ಗಣ, ಹಣ್ಣು ತಿನ್ನುವ ಬಾವಲಿಗಳ ಜೊತೆಗೆ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಲಾಗಿತ್ತು. 2022ರ ತಿದ್ದುಪಡಿಯಿಂದ ಆ ಅನುಸೂಚಿಯೇ ಹೋಯಿತು. ಐವತ್ತು ವರ್ಷಗಳ ಕಾಲ ಈ ಹಕ್ಕಿಯ ಹೆಸರು ಆ ಪಟ್ಟಿಯಲ್ಲಿದ್ದಾಗ ಅದಕ್ಕಾಗಿ ಬೇಸರಪಟ್ಟವರು ಹೆಚ್ಚಿಲ್ಲ. ಸಾಗರದಾಚೆ ಕೀನ್ಯಾದಲ್ಲಿ, ಮನುಷ್ಯರ ಹಡಗುಗಳ ಕಾಲದಲ್ಲಿ ಪೂರ್ವ ಆಫ್ರಿಕಕ್ಕೆ ಹೋಗಿ ನೆಲೆಸಿದ ಭಾರತದ ಊರುಕಾಗೆ ಇಂದು ಅಲ್ಲಿಯ ಸ್ಥಳೀಯ ಹಕ್ಕಿಗಳಿಗೆ ಕಂಟಕವಾಗಿದೆ. ಹತ್ತು ಲಕ್ಷ ಕಾಗೆಗಳನ್ನು ವಿಷದಿಂದ ಕೊಲ್ಲುವ ಯೋಜನೆಯನ್ನು ಅಲ್ಲಿಯ ವನ್ಯಜೀವಿ ಇಲಾಖೆ 2024ರಲ್ಲಿ ಪ್ರಕಟಿಸಿತು. ಈ ಸಮಸ್ಯೆ ಸುಲಭವಾದುದಲ್ಲ. ಕಾಗೆಯ ಕೊಕ್ಕಿಗೆ ಸಿಕ್ಕುವ ಅಲ್ಲಿಯ ಮರಿಗಳದೂ ಜೀವವೇ. ಆದರೆ ಚರ್ಚೆ ‘ಅದು ಹೊಲಸು ಹಕ್ಕಿ, ಕಪಟಿ ಹಕ್ಕಿ’ ಎಂಬಲ್ಲಿಂದ ಆರಂಭವಾದರೆ ತೀರ್ಪು ಮೊದಲೇ ಬರೆದಿಟ್ಟಂತೆ. ಅದನ್ನು ಅಲ್ಲಿಗೆ ಒಯ್ದವರು ಮನುಷ್ಯರು, ಕಸವನ್ನು ಬೀದಿಯಲ್ಲಿ ಸುರಿದು ಅದರ ಸಂತತಿಯನ್ನು ಬೆಳೆಸಿದವರೂ ಮನುಷ್ಯರು ಎಂಬ ಸಂಗತಿಯೂ ಲೆಕ್ಕಕ್ಕೆ ಬರಬೇಕು. ಕಸವನ್ನು ಕಟ್ಟುನಿಟ್ಟಾಗಿ ನಿರ್ವಹಿಸಿದ ಊರಿನಲ್ಲಿ ಕಾಗೆಗೆ ಆಹಾರ ಕಡಿಮೆಯಾಗುತ್ತದೆ. ಆ ಮಾರ್ಗದಲ್ಲಿ ವಿಷ ಬೇಕಾಗುವುದಿಲ್ಲ, ಶ್ರಮ ಬೇಕಾಗುತ್ತದೆ.

ಮಕ್ಕಳ ಕಥಾಪುಸ್ತಕಗಳನ್ನು ಅಚ್ಚು ಹಾಕಿಸುವ ದಾನಿಗಳೂ ಪಾಠಶಾಲೆಗಳಲ್ಲಿ ಕಥೆ ಹೇಳುವ ಶಿಕ್ಷಕರೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಸಣ್ಣದಾದರೂ ನಿಶ್ಚಿತವಾದುದು. ಕಾಕೋಲೂಕೀಯವನ್ನು ಕೈಬಿಡಬೇಕಾಗಿಲ್ಲ. ಅದನ್ನು ಪೂರ್ತಿಯಾಗಿ ಹೇಳಿ, ಶರಣು ಬಂದವನಿಗೆ ಆಶ್ರಯ ಕೊಟ್ಟ ಗೂಬೆಗಳು ತಪ್ಪು ಮಾಡಿದವೇ ಎಂದು ಮಕ್ಕಳನ್ನೇ ಕೇಳಬೇಕು. ಹೂಜಿಯ ಕಥೆಯ ಜೊತೆಗೆ 2009ರ ಪ್ರಯೋಗವನ್ನೂ ತಿಳಿಸಬೇಕು. ಕೋಗಿಲೆಯ ಹಾಡಿನ ಪಾಠದಲ್ಲಿ ಅದನ್ನು ಸಾಕಿದವರು ಯಾರೆಂಬುದನ್ನೂ ಹೇಳಬೇಕು. ಕೊನೆಗೆ ಖದಿರಸಾರನ ಕಥೆಯನ್ನು ಹೇಳುವಾಗ, ಅವನು ಬಿಟ್ಟದ್ದು ಎಂದೂ ತಿನ್ನದಿದ್ದ ವಸ್ತುವನ್ನು, ಇದರಲ್ಲಿ ದೊಡ್ಡದೇನು ಎಂದು ಯಾವುದಾದರೂ ಮಗು ಕೇಳೀತು. ಕೇಳಬೇಕಾದ ಪ್ರಶ್ನೆಯೇ ಅದು. ಬೆಲೆಯಿಲ್ಲವೆಂದು ಊರೆಲ್ಲ ಎಣಿಸಿದ ಜೀವದ ವಿಷಯದಲ್ಲಿ ಕೊಟ್ಟ ಮಾತನ್ನು, ಮಾತು ತುಟ್ಟಿಯಾದ ದಿನವೂ ಅವನು ಉಳಿಸಿಕೊಂಡನು ಎಂದು ಶಿಕ್ಷಕರು ಉತ್ತರಿಸಬಹುದು.